ಹೊನ್ನು, ವರಾಹ, ಪಗೋಡ: ಮದರಾಸಿನ ಒಂದು ನಾಣ್ಯದ ಹೆಸರುಗಳು

೧

ಕ್ರಿ.ಶ. ೧೮೦೭ರ ಸುಮಾರಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಮದರಾಸಿನ ತಮ್ಮ ಟಂಕಸಾಲೆಯಲ್ಲಿ ಯಂತ್ರಗಳನ್ನು ಹೂಡಿ ಹೊಸ ಬಗೆಯ ನಾಣ್ಯಗಳನ್ನು ಅಚ್ಚುಹಾಕಿಸಲು ತೊಡಗಿದರು. ಅವುಗಳಲ್ಲಿ ಬೆಳ್ಳಿಯ ಅರ್ಧ ಪಗೋಡವೂ ಒಂದು. ಅದರ ಒಂದು ಮುಖದಲ್ಲಿ ದೇವಾಲಯದ ಗೋಪುರವಿದೆ. ಗೋಪುರದ ಎರಡು ಪಕ್ಕಗಳಲ್ಲಿಯೂ ನಕ್ಷತ್ರಗಳಿವೆ. ಅಂಚಿನಲ್ಲಿ ಇಂಗ್ಲಿಷ್ ಮತ್ತು ಪಾರಸಿ ಬರಹಗಳಿವೆ. ಇನ್ನೊಂದು ಮುಖದಲ್ಲಿ ವಿಷ್ಣುವಿನ ಮೂರ್ತಿಯೂ ಅದರ ಸುತ್ತ ತಮಿಳು ಮತ್ತು ತೆಲುಗು ಬರಹಗಳೂ ಇವೆ. ಹೀಗೆ ಒಂದೇ ನಾಣ್ಯದ ಬೆಲೆ ನಾಲ್ಕು ಲಿಪಿಗಳಲ್ಲಿ ಹೇಳಲ್ಪಟ್ಟಿದೆ.

ಆದರೆ ನಾಲ್ಕು ಬರಹಗಳೂ ಒಂದೇ ಹೆಸರನ್ನು ಹೇಳುವುದಿಲ್ಲ. ಇಂಗ್ಲಿಷ್ ಬರಹದಲ್ಲಿ ಅದು ಅರ್ಧ ‘ಪಗೋಡ’. ಪಾರಸಿಯಲ್ಲಿ ಅದು ‘ನೀಮ್ ಹುನ್ ಫೂಲಿ’, ಎಂದರೆ ಅರ್ಧ ಹೂವಿನ ಹುನ್. ತಮಿಳಿನಲ್ಲಿ ‘ಅರೈ ಪೂವರಾಹನ್’. ತೆಲುಗಿನಲ್ಲಿಯೂ ಅದೇ ಅರ್ಥದ ‘ಪೂವರಾಹ’. ಇಂಗ್ಲಿಷರು ಯಾವುದನ್ನು ನಕ್ಷತ್ರವೆಂದು ಕಂಡು ‘ಸ್ಟಾರ್ ಪಗೋಡ’ ಎಂದರೋ ಅದನ್ನೇ ನಾಡಿನ ಜನ ಹೂವೆಂದು ಕಂಡು ‘ಪೂವರಾಹ’ ಎಂದರು. ರಾಜ್ಯವಾಳುವವರು ಕೊಟ್ಟ ಹೆಸರು ಒಂದು, ಪೇಟೆಯಲ್ಲಿ ನಡೆಯುತ್ತಿದ್ದ ಹೆಸರು ಮತ್ತೊಂದು; ಎರಡನ್ನೂ ಒಂದೇ ಬಿಲ್ಲೆಯ ಮೇಲೆ ಒತ್ತಬೇಕಾಯಿತು.

ಈ ನಾಣ್ಯದ ಮೇಲೆ ಕನ್ನಡ ಲಿಪಿಯಿಲ್ಲ. ೧೭೯೯ರಲ್ಲಿ ಕೆನರಾ ಪ್ರಾಂತವೂ ೧೮೦೦ರಲ್ಲಿ ಬಳ್ಳಾರಿ ಸೀಮೆಯೂ ಕಂಪೆನಿಯ ಕೈಸೇರಿದ್ದುವು. ಮದರಾಸಿನ ಆಡಳಿತಕ್ಕೆ ಒಳಪಟ್ಟ ಕನ್ನಡಿಗರ ಸಂಖ್ಯೆ ಅಲ್ಪವಾಗಿರಲಿಲ್ಲ. ಆದರೂ ಟಂಕಸಾಲೆಯವರಿಗೆ ಎರಡು ದೇಶಭಾಷೆಗಳು ಸಾಕೆಂದು ತೋರಿತು. ಲಿಪಿಯ ಮಟ್ಟಿಗೆ ಇದು ನಿಜ. ಶಬ್ದಗಳನ್ನು ಬಿಡಿಸಿ ನೋಡಿದರೆ ಮಾತ್ರ ಬೇರೊಂದು ಸಂಗತಿ ತೋರಿಬರುತ್ತದೆ. ಪಾರಸಿ ಅಕ್ಷರಗಳಲ್ಲಿ ಅಡಗಿರುವ ‘ಹುನ್’ ಕನ್ನಡದ ಹೊನ್ನು. ತಮಿಳು ತೆಲುಗು ಅಕ್ಷರಗಳಲ್ಲಿರುವ ‘ವರಾಹ’ ಕರ್ಣಾಟಕದ ಅರಸುಮನೆತನಗಳ ಲಾಂಛನದಿಂದ ಬಂದ ಹೆಸರು. ಈ ಹೆಸರುಗಳು ಮದರಾಸಿಗೆ ಬಂದ ದಾರಿಯನ್ನೂ, ನಾಣ್ಯಗಳು ಅಳಿದ ಮೇಲೆ ಹೆಸರುಗಳಿಗೆ ಒದಗಿದ ಗತಿಯನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಹಳಗನ್ನಡದಲ್ಲಿ ಚಿನ್ನಕ್ಕೆ ‘ಪೊನ್’ ಎಂಬ ಹೆಸರು. ತಮಿಳಿನಲ್ಲಿ ಇಂದಿಗೂ ಅದು ‘ಪೊನ್’, ಮಲೆಯಾಳದಲ್ಲಿ ‘ಪೊನ್ನ್’. ಕನ್ನಡದಲ್ಲಿ ಮಾತ್ರ ಪದಾದಿಯ ಪಕಾರವು ಹಕಾರವಾಗುವ ಮಾರ್ಪಾಟು ಹತ್ತನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ಕಾಣತೊಡಗಿ, ನಡುಗನ್ನಡದ ಕಾಲಕ್ಕೆ ಬಹುಮಟ್ಟಿಗೆ ನೆಲೆಗೊಂಡಿತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪೊನ್ ಎಂಬುದು ಹೊನ್ನಾಯಿತು, ಪಣ ಎಂಬುದು ಹಣವಾಯಿತು. ದ್ರಾವಿಡ ಭಾಷೆಗಳ ಅಭ್ಯಾಸಿಗಳಿಗೆ ಇದು ಚಿರಪರಿಚಿತವಾದ ವಿಷಯ.

ದಖ್ಖನ್ನಿನ ಸುಲ್ತಾನರ ಆಸ್ಥಾನಗಳಲ್ಲಿ ಪಾರಸಿಯಲ್ಲಿ ಲೆಕ್ಕ ಬರೆದವರು ದಕ್ಷಿಣದ ಚಿನ್ನದ ನಾಣ್ಯವನ್ನು ‘ಹುನ್’ ಎಂದು ಕರೆದರು. ಮರಾಠಿಯಲ್ಲಿ ಅದು ‘ಹೋನ್’ ಆಯಿತು. ೧೬೭೪ರಲ್ಲಿ ಪಟ್ಟಾಭಿಷಿಕ್ತನಾದ ಶಿವಾಜಿಯ ಚಿನ್ನದ ನಾಣ್ಯಕ್ಕೆ ‘ಶಿವರಾಯೀ ಹೋನ್’ ಎಂದೇ ಹೆಸರು. ಈ ಶಬ್ದವು ತಮಿಳಿನ ಮೂಲಕ ಅವರಿಗೆ ಬಂದಿದ್ದರೆ ಮೊದಲ ಅಕ್ಷರ ಪಕಾರವಾಗಿರಬೇಕಿತ್ತು. ಹಕಾರವಿರುವುದರಿಂದ ಅದು ಕನ್ನಡದ ಬಾಯಿಂದ ಕೇಳಿ ಕಲಿತ ಶಬ್ದವೆಂಬುದು ಸ್ಪಷ್ಟವಾಗುತ್ತದೆ. ದಖ್ಖನ್ನಿನ ಆಸ್ಥಾನಗಳಿಂದ ಪಾರಸಿ ಬಲ್ಲ ಕರಣಿಕರೊಡನೆ ಅದು ದಕ್ಷಿಣಕ್ಕೆ ಇಳಿದು, ಕೊನೆಗೆ ಕಂಪೆನಿಯ ನಾಣ್ಯವನ್ನು ಸೇರಿತು.

ಆದುದರಿಂದ ೧೮೦೭ರ ಆ ಬೆಳ್ಳಿಯ ಬಿಲ್ಲೆಯಲ್ಲಿ ಒಂದು ವಿಚಿತ್ರವಾದ ಜೋಡಣೆಯುಂಟು. ಪಾರಸಿ ಬರಹದ ಮುಖದಲ್ಲಿ ‘ಹೊನ್’ ಎಂಬ ಹಕಾರದ ರೂಪ. ತಮಿಳು ಬರಹದ ಮುಖದಲ್ಲಿ ‘ಪೂ’ ಎಂಬ ಪಕಾರದ ರೂಪ. ಒಂದೇ ಧ್ವನಿನಿಯಮದ ಎರಡು ದಡಗಳು ಒಂದು ನಾಣ್ಯದ ಎರಡು ಮುಖಗಳಾಗಿವೆ. ಅದೇ ನಾಣ್ಯಕ್ಕೆ ಕನ್ನಡದಲ್ಲಿ ಬರಹವಿದ್ದಿದ್ದರೆ ‘ಅರೆ ಹೂವರಾಹ’ ಎಂದಿರುತ್ತಿತ್ತು.

೩

ಇನ್ನು ‘ವರಾಹ’. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ಕಲ್ಯಾಣದ ಚಾಲುಕ್ಯರೂ ಅದನ್ನೇ ಧರಿಸಿದರು. ವಿಜಯನಗರದ ಅರಸರ ಮುದ್ರೆಯೂ ವರಾಹವೇ. ಚಿನ್ನದ ನಾಣ್ಯಕ್ಕೆ ಈ ಹೆಸರು ಬಂದುದು ಆ ಲಾಂಛನದಿಂದಲೇ ಎಂಬುದು ವಿದ್ವಾಂಸರ ಸಾಮಾನ್ಯವಾದ ಅಭಿಪ್ರಾಯ. ಕನ್ನಡ ಶಾಸನಗಳಲ್ಲಿ ಚಿನ್ನದ ನಾಣ್ಯಕ್ಕೆ ಹೆಚ್ಚಾಗಿ ಕಾಣಬರುವ ಹೆಸರು ‘ಗದ್ಯಾಣ’. ಅದು ತೂಕದ ಹೆಸರೂ ಹೌದು, ನಾಣ್ಯದ ಹೆಸರೂ ಹೌದು. ಲೊಕ್ಕಿಗುಂಡಿಯಲ್ಲಿ, ಎಂದರೆ ಇಂದಿನ ಲಕ್ಕುಂಡಿಯಲ್ಲಿ, ಟಂಕಿಸಿದುದಕ್ಕೆ ‘ಲೊಕ್ಕಿ ಗದ್ಯಾಣ’ ಎಂಬ ಹೆಸರಿತ್ತು. ವಿಜಯನಗರದ ಕಾಲದಲ್ಲಿ ಗದ್ಯಾಣ, ಹೊನ್ನು, ವರಾಹ ಎಂಬ ಮೂರು ಹೆಸರುಗಳೂ ಒಂದೇ ಬೆಲೆಯ ನಾಣ್ಯಕ್ಕೆ ಸಂದುವು. ಅದರ ತೂಕ ಸುಮಾರು ೩.೪ ಗ್ರಾಮ್.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ವಿಜಯನಗರದ ವರಾಹಗಳ ಮೇಲೆ ಹೆಸರಿನ ವರಾಹ ಸಾಮಾನ್ಯವಾಗಿ ಕಾಣುವುದಿಲ್ಲ. ಒಂದನೆಯ ಹರಿಹರನ ನಾಣ್ಯದಲ್ಲಿ ಹನುಮಂತನಿದ್ದಾನೆ, ದೇವರಾಯನ ನಾಣ್ಯದಲ್ಲಿ ಉಮಾಮಹೇಶ್ವರರಿದ್ದಾರೆ, ಕೃಷ್ಣದೇವರಾಯನದರಲ್ಲಿ ಬಾಲಕೃಷ್ಣ, ಅಚ್ಯುತರಾಯನದರಲ್ಲಿ ಗಂಡಭೇರುಂಡ. ಮೂರ್ತಿ ಅರಸನಿಂದ ಅರಸನಿಗೆ ಬದಲಾಯಿತು, ಹೆಸರು ಬದಲಾಗಲಿಲ್ಲ. ಜನರಿಗೆ ಬೇಕಾಗಿದ್ದುದು ತೂಕದ ಮತ್ತು ಬಣ್ಣದ ನಂಬಿಕೆ. ಆ ನಂಬಿಕೆಗೆ ಅವರಿಟ್ಟ ಹೆಸರು ವರಾಹ.

೧೪೪೩ರಲ್ಲಿ ವಿಜಯನಗರವನ್ನು ಕಂಡ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿನ ನಾಣ್ಯಗಳನ್ನು ಎಣಿಸುವಾಗ ವರಾಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲಾದ ಹಣ, ಬೆಳ್ಳಿಯ ತಾರ, ತಾಮ್ರದ ಜೀತಲ ಎಂದು ಹೆಸರಿಸಿದ್ದಾನೆ. ಅವನ ಲೆಕ್ಕದಂತೆ ವರಾಹಕ್ಕೆ ೨೦ ಹಣವಾಗುತ್ತದೆ. ಕನ್ನಡನಾಡಿನ ಲೆಕ್ಕಗಳಲ್ಲಿ ಸಾಮಾನ್ಯವಾಗಿ ವರಾಹಕ್ಕೆ ೧೦ ಹಣ. ಹೆಸರುಗಳು ಒಂದೇ ಆಗಿದ್ದರೂ ಅವುಗಳ ನಡುವಣ ಪ್ರಮಾಣ ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬೇರೆಯಾಗುತ್ತಿತ್ತು. ಮುಂದೆ ಮದರಾಸಿನಲ್ಲಿ ಈ ಭೇದ ಇನ್ನೂ ದೊಡ್ಡದಾಯಿತು.

೪

೧೬೩೯ರಲ್ಲಿ ಫ್ರಾನ್ಸಿಸ್ ಡೇ ಎಂಬವನು ದಾಮರ್ಲ ವೆಂಕಟಾದ್ರಿ ನಾಯಕನಿಂದ ಸಮುದ್ರತೀರದ ನೆಲವನ್ನು ಪಡೆದಾಗ ನಾಣ್ಯ ಟಂಕಿಸುವ ಹಕ್ಕೂ ಅದರೊಡನೆ ಬಂದಿತು. ಆ ನಾಯಕನು ಚಂದ್ರಗಿರಿಯಿಂದ ಆಳುತ್ತಿದ್ದ ಅರವೀಡು ವಂಶದ ವಿಜಯನಗರದರಸರಿಗೆ ಅಧೀನನಾಗಿದ್ದನು. ಕಂಪೆನಿಯ ಟಂಕಸಾಲೆ ಕೋಟೆಯೊಳಗೆ ಆರಂಭವಾದಾಗ ಅದು ಅನುಸರಿಸಿದ ಮಾದರಿ ವಿಜಯನಗರದ ವರಾಹವೇ. ಮೊದಲು ಒಬ್ಬ ಸ್ವಾಮಿಯ ಮೂರ್ತಿ, ಅನಂತರ ದೇವಿಯರಿಬ್ಬರೊಡನೆ ವೆಂಕಟೇಶ್ವರನ ಮೂರ್ತಿ. ೧೮ನೆಯ ಶತಮಾನದ ನಡುಗಾಲದಿಂದ ಒಂದು ಮುಖದಲ್ಲಿ ವಿಷ್ಣು, ಇನ್ನೊಂದು ಮುಖದಲ್ಲಿ ಕಾಳುಕಾಳಾದ ನೆಲದ ಮೇಲೆ ಐದು ಮೊನೆಯ ನಕ್ಷತ್ರ. ಇದೇ ಸ್ಟಾರ್ ಪಗೋಡ. ಲಂಡನ್ನಿನ ವರ್ತಕರ ಸಂಘವೊಂದು ಚಿನ್ನದ ಮೇಲೆ ವಿಷ್ಣುವನ್ನು ಒತ್ತಿದುದು ಭಕ್ತಿಯಿಂದಲ್ಲ. ಆ ಮೂರ್ತಿಯಿಲ್ಲದ ನಾಣ್ಯವನ್ನು ಚಿನಿವಾರರು ವಟ್ಟ ಹಿಡಿಯದೆ ತೆಗೆದುಕೊಳ್ಳುತ್ತಿರಲಿಲ್ಲ.

‘ಪಗೋಡ’ ಎಂಬುದು ಪೋರ್ಚುಗೀಸರ ಮೂಲಕ ಬಂದ ಶಬ್ದ. ಗುಡಿಗೂ, ಗುಡಿಯ ಮೂರ್ತಿಗೂ, ಮೂರ್ತಿಯುಳ್ಳ ನಾಣ್ಯಕ್ಕೂ ಅವರು ಅದೊಂದನ್ನೇ ಬಳಸಿದರು. ಅದರ ವ್ಯುತ್ಪತ್ತಿಯ ವಿಷಯದಲ್ಲಿ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ಹೊರಗಿನವರ ಕಣ್ಣಿಗೆ ನಾಣ್ಯದ ಮೇಲಿನ ಮೂರ್ತಿ ಮುಖ್ಯವಾಗಿ ಕಂಡಿತು. ಒಳಗಿನವರಿಗೆ ಹಳೆಯ ಅರಸರ ಲಾಂಛನದ ನೆನಪು ಸಾಕಾಗಿತ್ತು.

ಮದರಾಸಿನ ಲೆಕ್ಕದ ಪುಸ್ತಕಗಳಲ್ಲಿ ೮೦ ಕಾಸಿಗೆ ಒಂದು ಹಣ, ೪೨ ಹಣಕ್ಕೆ ಒಂದು ಪೂವರಾಹ. ಆದುದರಿಂದ ಒಂದು ವರಾಹಕ್ಕೆ ೩,೩೬೦ ಕಾಸು. ಇಂಗ್ಲಿಷರು ಹಣವನ್ನು ‘ಫನಂ’ ಎಂದೂ ಕಾಸನ್ನು ‘ಕ್ಯಾಷ್’ ಎಂದೂ ಬರೆದರು. ನಗದು ಎಂಬ ಅರ್ಥದ ಇಂಗ್ಲಿಷ್ ‘ಕ್ಯಾಷ್’ ಶಬ್ದ ಬೇರೆ. ಅದು ಪೆಟ್ಟಿಗೆ ಎಂಬರ್ಥದ ಐರೋಪ್ಯ ಶಬ್ದದಿಂದ ಬಂದುದು. ನಮ್ಮ ಕಾಸು ಅದರೊಡನೆ ಉಚ್ಚಾರದಲ್ಲಿ ಕೂಡಿಕೊಂಡಿತು, ಅಷ್ಟೆ.

ಮದರಾಸಿನ ಹಣ ಬೆಳ್ಳಿಯದು. ಮೈಸೂರಿನ ಹಣ ಚಿನ್ನದ್ದು. ಎರಡಕ್ಕೂ ಹೆಸರು ಹಣವೇ. ಶ್ರೀರಂಗಪಟ್ಟಣದಿಂದ ಘಟ್ಟವಿಳಿದು ಚೆನ್ನಪಟ್ಟಣಕ್ಕೆ ಸರಕು ತರುತ್ತಿದ್ದ ವರ್ತಕನಿಗೆ ಈ ಒಂದು ಶಬ್ದದಲ್ಲಿ ಎಷ್ಟು ಅಪಾಯವಡಗಿತ್ತೆಂಬುದನ್ನು ಮುಂದಿನ ಲೆಕ್ಕದಿಂದ ತಿಳಿಯಬಹುದು.

೫

ಮೈಸೂರಿನ ಕಂಠೀರವ ನರಸರಾಜ ಒಡೆಯರು (೧೬೩೮-೧೬೫೯) ಶ್ರೀರಂಗಪಟ್ಟಣದಲ್ಲಿ ಟಂಕಸಾಲೆಯನ್ನು ಸ್ಥಾಪಿಸಿ ನರಸಿಂಹನ ಮೂರ್ತಿಯುಳ್ಳ ಚಿಕ್ಕ ಚಿನ್ನದ ನಾಣ್ಯವನ್ನು ಹೊರಡಿಸಿದರು. ಅದೇ ‘ಕಂಠೀರಾಯಿ ಹಣ’. ಹತ್ತು ಕಂಠೀರಾಯಿ ಹಣಕ್ಕೆ ಒಂದು ಕಂಠೀರಾಯಿ ವರಾಹ. ಮೈಸೂರಿನ ಸರ್ಕಾರದ ಲೆಕ್ಕಗಳು ಬಹುಕಾಲ ಈ ವರಾಹದಲ್ಲಿಯೇ ನಡೆದುವು. ಕಂದಾಯ, ಸಂಬಳ, ದತ್ತಿ ಎಲ್ಲವನ್ನೂ ಅದರಿಂದಲೇ ಅಳೆದರು. ಆದರೆ ಕಂಠೀರಾಯಿ ವರಾಹವೆಂಬ ನಾಣ್ಯವನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ಏಕೆಂದರೆ ಅಂಥ ನಾಣ್ಯವನ್ನು ಎಂದೂ ಟಂಕಿಸಿರಲಿಲ್ಲ. ಅದು ಹತ್ತು ಹಣಗಳ ಮೊತ್ತಕ್ಕೆ ಕಡತದಲ್ಲಿ ಮಾತ್ರ ಇದ್ದ ಹೆಸರು.

ಅರ್ಥಶಾಸ್ತ್ರಜ್ಞರು ಲೆಕ್ಕದ ಮಾನವನ್ನೂ ಚಲಾವಣೆಯ ನಾಣ್ಯವನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಆ ಭೇದಕ್ಕೆ ಕಂಠೀರಾಯಿ ವರಾಹಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಶ್ಯಾನುಭೋಗನು ಬರೆಯುವುದು ವರಾಹ. ರೈತನು ಎಣಿಸಿ ಕೊಡುವುದು ಹಣ. ಇವೆರಡರ ನಡುವೆ ನಿಂತವನು ಚಿನಿವಾರ. ಯಾವ ಹಣ ಸವೆದಿದೆ, ಯಾವುದು ಯಾವ ಟಂಕಸಾಲೆಯದು, ಯಾವುದಕ್ಕೆ ಎಷ್ಟು ವಟ್ಟ ಎಂಬುದನ್ನು ತೀರ್ಮಾನಿಸುವ ಅಧಿಕಾರ ಅವನದಾಗಿತ್ತು. ೧೮೦೦ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಊರೂರ ಪೇಟೆಗಳ ನಾಣ್ಯಗಳನ್ನೂ ಅವುಗಳ ಬೆಲೆಗಳನ್ನೂ ತಾಳ್ಮೆಯಿಂದ ಗುರುತು ಹಾಕಿಕೊಂಡಿದ್ದಾನೆ. ಇಕ್ಕೇರಿ ವರಾಹ, ಬಹದ್ದೂರಿ, ಸುಲ್ತಾನಿ, ಕಂಠೀರಾಯಿ ಎಂದು ಹಲವು ಅರಸರ ನಾಣ್ಯಗಳು ಆಗ ಒಟ್ಟಿಗೆ ನಡೆಯುತ್ತಿದ್ದುವು.

ಇವುಗಳಲ್ಲಿ ‘ಬಹದ್ದೂರಿ’ ಮತ್ತು ‘ಸುಲ್ತಾನಿ’ ಎಂಬೆರಡು ಹೆಸರುಗಳನ್ನು ಹೋಲಿಸಿ ನೋಡುವುದು ಉಚಿತ. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಲಿಯು ಇಕ್ಕೇರಿ ನಾಯಕರ ವರಾಹದ ಮೇಲಿದ್ದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಒತ್ತಿಸಿದನು. ಅವನ ಮಗ ಟಿಪ್ಪು ಸುಲ್ತಾನನಾದರೋ ನಾಣ್ಯಗಳ ಹೆಸರುಗಳೆಲ್ಲವನ್ನೂ ಹೊಸದಾಗಿ ಕಟ್ಟಿದನು. ಚಿನ್ನದ ನಾಣ್ಯಗಳು ಅಹ್ಮದಿ, ಸಿದ್ದೀಕಿ, ಫಾರೂಕಿ ಎಂದಾದುವು, ಹಣವು ರಾಹತಿಯಾಯಿತು, ಎರಡು ರೂಪಾಯಿಯ ನಾಣ್ಯ ಹೈದರಿ, ರೂಪಾಯಿ ಇಮಾಮಿ. ತಾಮ್ರದ ನಾಣ್ಯಗಳಿಗೆ ಗ್ರಹತಾರೆಗಳ ಹೆಸರುಗಳಾದುವು: ಶುಕ್ರನ ಹೆಸರಿನ ಜೊಹ್ರಾ, ಗುರುವಿನ ಹೆಸರಿನ ಮುಷ್ತರಿ, ಮಂಗಳನ ಹೆಸರಿನ ಬಹರಾಮ್, ಧ್ರುವನ ಹೆಸರಿನ ಕುತುಬ್. ಅಚ್ಚಿನ ಅಂದದಲ್ಲಿ ಈ ನಾಣ್ಯಗಳು ಆ ಕಾಲದ ಯಾವ ನಾಣ್ಯಕ್ಕೂ ಕಡಮೆಯಲ್ಲ. ಹೆಸರುಗಳು ಮಾತ್ರ ಪೇಟೆಯಲ್ಲಿ ನಿಲ್ಲಲಿಲ್ಲ. ಒಂದು ವರಾಹದ ಬೆಲೆಯ ‘ಫಾರೂಕಿ’ಯನ್ನು ಜನರು ಸುಲ್ತಾನಿ ವರಾಹವೆಂದೇ ಕರೆದರು. ಅರಸನ ಆಜ್ಞೆಯಿಂದ ನಾಣ್ಯ ಚಲಿಸಬಹುದು. ಅದರ ಹೆಸರು ಚಲಿಸಬೇಕಾದರೆ ವ್ಯವಹಾರದ ರೂಢಿಯೂ ಒಪ್ಪಬೇಕು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳಲ್ಲಿ ಕನ್ನಡ ಲಿಪಿಗೂ ಸ್ಥಾನ ದೊರೆಯಿತು. ‘ಮಯಿಲಿ ಕಾಸು’ ಎಂಬ ಕನ್ನಡ ಬರಹವೂ, ಇಪ್ಪತ್ತು, ಹತ್ತು, ಐದು ಎಂದು ಅದರ ಎಣಿಕೆಯೂ, ಜೊತೆಗೆ ಇಂಗ್ಲಿಷ್ ಮತ್ತು ಪಾರಸಿ ಬರಹಗಳೂ ಅವುಗಳಲ್ಲಿವೆ. ಮೈಸೂರಿನ ಟಂಕಸಾಲೆ ೧೮೪೩ರಲ್ಲಿ ಮುಚ್ಚಿತು.

೬

ನಾಣ್ಯದ ಹೆಸರಿನ ವಿಚಾರವು ಕೇವಲ ಶಬ್ದವಿನೋದವಲ್ಲವೆಂಬುದಕ್ಕೆ ೧೭೯೯ರ ಒಪ್ಪಂದವೊಂದೇ ಸಾಕು. ಟಿಪ್ಪುವಿನ ಪತನಾನಂತರ ಮೈಸೂರಿನ ಬಾಲರಾಜರೊಡನೆ ಕಂಪೆನಿ ಮಾಡಿಕೊಂಡ ಸಹಾಯಕ ಸೈನ್ಯದ ಒಪ್ಪಂದದಂತೆ ಮೈಸೂರು ವರ್ಷಕ್ಕೆ ೭ ಲಕ್ಷ ಸ್ಟಾರ್ ಪಗೋಡಗಳ ಪೊಗದಿಯನ್ನು ಕೊಡಬೇಕಾಯಿತು. ಮೈಸೂರಿನ ಸ್ವಂತ ಲೆಕ್ಕ ಕಂಠೀರಾಯಿ ವರಾಹದಲ್ಲಿ. ಸಾಲದ ಲೆಕ್ಕ ಮದರಾಸಿನ ಪೂವರಾಹದಲ್ಲಿ. ಎರಡೂ ವರಾಹಗಳೇ, ಆದರೆ ಸಮಾನವಾದ ವರಾಹಗಳಲ್ಲ.

ಎಷ್ಟು ಅಂತರವೆಂಬುದು ರೂಪಾಯಿಯ ಮೂಲಕ ಸ್ಪಷ್ಟವಾಗುತ್ತದೆ. ೧೮೧೮ರಲ್ಲಿ ಮದರಾಸಿನ ಸರ್ಕಾರವು ಪಗೋಡದ ಲೆಕ್ಕವನ್ನು ಕೈಬಿಟ್ಟು ಬೆಳ್ಳಿಯ ರೂಪಾಯಿಯನ್ನು ಪ್ರಮಾಣವಾಗಿ ಅಂಗೀಕರಿಸಿತು. ಆಗ ನೂರು ಪೂವರಾಹಗಳಿಗೆ ೩೫೦ ರೂಪಾಯಿಗಳೆಂದು ದರ ಗೊತ್ತಾಯಿತು; ಎಂದರೆ ಒಂದಕ್ಕೆ ಮೂರೂವರೆ ರೂಪಾಯಿ. ಕಂಠೀರಾಯಿ ವರಾಹದ ಬೆಲೆ ೨ ರೂಪಾಯಿ ೧೪ ಆಣೆ ೮ ಪೈ. ಕಂಠೀರಾಯಿ ಹಣದ ಬೆಲೆ ೪ ಆಣೆ ೮ ಪೈ. ಮದರಾಸಿನ ಹಣವಾದರೋ ರೂಪಾಯಿಗೆ ೧೨ರಂತೆ ೧ ಆಣೆ ೪ ಪೈ ಮಾತ್ರ. ಆದುದರಿಂದ ಅದೇ ಪೂವರಾಹಕ್ಕೆ ಮದರಾಸಿನಲ್ಲಿ ೪೨ ಹಣ, ಮೈಸೂರಿನಲ್ಲಿ ೧೨ ಹಣ. ಮೈಸೂರಿನ ಒಂದು ಹಣಕ್ಕೆ ಮದರಾಸಿನ ಮೂರೂವರೆ ಹಣ. ‘ವರಾಹಕ್ಕೆ ವರಾಹ’ ಎಂದು ಎಣಿಸಿದ ಅಮಲ್ದಾರನಿದ್ದಿದ್ದರೆ ಅವನು ಆರಕ್ಕೆ ಐದರಂತೆ ತಪ್ಪುತ್ತಿದ್ದನು. ಏಕೆಂದರೆ ೭ ಲಕ್ಷ ಪೂವರಾಹಗಳು ಮೈಸೂರಿನ ಲೆಕ್ಕದಲ್ಲಿ ೮ ಲಕ್ಷದ ೪೦ ಸಾವಿರ ಕಂಠೀರಾಯಿ ವರಾಹಗಳಾಗುತ್ತಿದ್ದುವು. ಆ ಒಂದು ಲಕ್ಷದ ನಲವತ್ತು ಸಾವಿರದ ಭಾರವನ್ನು ಹೊತ್ತವರು ರೈತರು.

ಪಗೋಡ ಅಳಿಯಿತು, ಪೊಗದಿ ಅಳಿಯಲಿಲ್ಲ. ೭ ಲಕ್ಷವನ್ನು ಮೂರೂವರೆಯಿಂದ ಗುಣಿಸಿದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳಾಗುತ್ತದೆ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಮೈಸೂರಿನ ಆಯವ್ಯಯದಲ್ಲಿ ಕಾಣಬರುವ ಪೊಗದಿಯ ಮೊತ್ತ ಇದೇ. ೧೮೮೧ರಲ್ಲಿ ರಾಜ್ಯವನ್ನು ಅರಸರಿಗೆ ಹಿಂದಿರುಗಿಸುವಾಗ ಅದನ್ನು ೩೫ ಲಕ್ಷಕ್ಕೆ ಏರಿಸಲು ನಿಶ್ಚಯವಾಗಿ, ಏರಿಕೆ ಕೆಲವು ಕಾಲ ಮುಂದಕ್ಕೆ ಹೋಗಿ, ೧೮೯೬ರಿಂದ ಜಾರಿಗೆ ಬಂದಿತು. ೧೯೨೦ರ ದಶಕದ ಕೊನೆಯಲ್ಲಿ ಏರಿಕೆಯನ್ನು ಬಿಟ್ಟುಕೊಟ್ಟಾಗ ಮೊತ್ತ ಮತ್ತೆ ಇಪ್ಪತ್ತನಾಲ್ಕೂವರೆ ಲಕ್ಷಕ್ಕೆ ಬಂದು ನಿಂತಿತು. ಆ ಅರ್ಧ ಲಕ್ಷದ ಬಾಲವೇಕೆಂದು ಕೇಳಿದರೆ ಉತ್ತರ ದೊರೆಯುವುದು ನೂರು ವರ್ಷಗಳ ಹಿಂದೆಯೇ ಚಲಾವಣೆ ತಪ್ಪಿದ ಒಂದು ಹೂವಿನ ನಾಣ್ಯದಲ್ಲಿ.

೭

ಹೆಸರು ನಾಣ್ಯವನ್ನು ಮೀರಿ ಬಾಳುವ ಈ ಬಗೆ ಕರ್ಣಾಟಕಕ್ಕೆ ಮಾತ್ರ ವಿಶಿಷ್ಟವಾದುದಲ್ಲ. ಹಿಂದೂ ಮಹಾಸಾಗರದ ಆಚೆಯ ಮಡಗಾಸ್ಕರ್ ದ್ವೀಪದಲ್ಲಿ ಇದಕ್ಕೆ ಹತ್ತಿರದ ಹೋಲಿಕೆಯೊಂದಿದೆ. ಅಲ್ಲಿನ ಅರಸರ ಕಾಲದಲ್ಲಿ ಸ್ಪೇನ್ ಮೊದಲಾದ ದೇಶಗಳ ದೊಡ್ಡ ಬೆಳ್ಳಿಯ ನಾಣ್ಯಗಳು ನಡೆಯುತ್ತಿದ್ದುವು. ಅವನ್ನು ತುಂಡುಮಾಡಿ ತೂಗಿ ಚಿಲ್ಲರೆಯಾಗಿ ಬಳಸುತ್ತಿದ್ದರು. ಆ ನಾಣ್ಯಕ್ಕೆ ಮಲಗಾಸಿ ಭಾಷೆಯಲ್ಲಿ ‘ಆರಿಯಾರಿ’ ಎಂಬ ಹೆಸರಾಯಿತು. ಸ್ಪೇನಿನ ‘ರಿಯಾಲ್’ ಅರಬ್ಬೀ ವರ್ತಕರ ಬಾಯಲ್ಲಿ ‘ಅಲ್ ರಿಯಾಲ್’ ಆಗಿ, ಅದು ದ್ವೀಪದವರ ಬಾಯಲ್ಲಿ ಆರಿಯಾರಿಯಾಯಿತು. ಹೊನ್ನು ಹುನ್ ಆದ ದಾರಿಯೂ ಇಂಥದೇ.

೧೮೯೬ರಲ್ಲಿ ದ್ವೀಪವು ಫ್ರೆಂಚರ ವಸಾಹತಾಯಿತು. ನಾಣ್ಯ ಫ್ರಾಂಕ್ ಆಯಿತು. ಐದು ಫ್ರಾಂಕಿನ ಬೆಳ್ಳಿಯ ನಾಣ್ಯ ಹಳೆಯ ಆರಿಯಾರಿಗೆ ಸಮವಾಗಿದ್ದುದರಿಂದ ಐದು ಫ್ರಾಂಕಿಗೆ ಒಂದು ಆರಿಯಾರಿ ಎಂಬ ಎಣಿಕೆ ಉಳಿಯಿತು. ೧೯೬೦ರಲ್ಲಿ ಸ್ವಾತಂತ್ರ್ಯ ಬಂದು, ೧೯೬೧ರಿಂದ ನೋಟುಗಳ ಮೇಲೆ ಫ್ರಾಂಕಿನ ಬೆಲೆಯೊಡನೆ ಆರಿಯಾರಿಯ ಬೆಲೆಯೂ ಮುದ್ರಿತವಾಯಿತು. ಒಂದೇ ನೋಟಿನ ಮೇಲೆ ಫ್ರೆಂಚಿನಲ್ಲಿ ಐದು ಸಾವಿರ, ಮಲಗಾಸಿಯಲ್ಲಿ ಒಂದು ಸಾವಿರ. ೧೮೦೭ರ ಮದರಾಸಿನ ನಾಣ್ಯದಲ್ಲಿ ಹೆಸರು ಮಾತ್ರ ಬೇರೆಯಾಗಿತ್ತು. ಇಲ್ಲಿ ಸಂಖ್ಯೆಯೂ ಬೇರೆಯಾಯಿತು. ೨೦೦೫ರ ಜನವರಿ ೧ರಂದು ಫ್ರಾಂಕನ್ನು ಕೈಬಿಟ್ಟು ಆರಿಯಾರಿಯನ್ನೇ ದೇಶದ ಅಧಿಕೃತ ನಾಣ್ಯವಾಗಿ ಮಾಡಿದರು. ಆದರೆ ಪೇಟೆಯ ಜನರು ಆಮೇಲೆಯೂ ಬಹುಕಾಲ ಬೆಲೆಗಳನ್ನು ಫ್ರಾಂಕಿನಲ್ಲಿಯೇ ಹೇಳುತ್ತಿದ್ದರು. ದೇಶೀಯವಾದ ಹೆಸರು ಸಹಜವಾಗಿಯೇ ಗೆಲ್ಲುವುದೆಂಬ ನಿಯಮವೇನೂ ಇಲ್ಲ. ಯಾವುದರಲ್ಲಿ ನಿತ್ಯದ ಎಣಿಕೆ ನಡೆಯುವುದೋ ಅದು ಪರದೇಶದ ಹೆಸರಾದರೂ ಬಾಯಲ್ಲಿ ನಿಲ್ಲುತ್ತದೆ.

ಆರಿಯಾರಿಯ ಐದನೆಯ ಒಂದು ಭಾಗಕ್ಕೆ ‘ಇರಾಯಿಂಬಿಲಾಂಜ’ ಎಂದು ಹೆಸರು. ಒಂದು ಕಬ್ಬಿಣದ ತೂಕ ಎಂದು ಅದರ ಅರ್ಥ. ನಮ್ಮ ಗದ್ಯಾಣದಂತೆ ಅದೂ ತೂಕದ ಬಟ್ಟಿನಿಂದ ಹುಟ್ಟಿದ ಹೆಸರು. ಮಲಗಾಸಿಯಲ್ಲಿ ‘ವೊಲಾ’ ಎಂದರೆ ಹಣ. ಬಿಳಿಯ ವೊಲಾ ಬೆಳ್ಳಿ, ಕೆಂಪು ವೊಲಾ ಚಿನ್ನ. ಹೊನ್ನು ಎಂಬ ಒಂದೇ ಶಬ್ದದಲ್ಲಿ ಲೋಹವನ್ನೂ ನಾಣ್ಯವನ್ನೂ ಸಂಪತ್ತನ್ನೂ ಕಂಡ ಕನ್ನಡಿಗರಿಗೆ ಇದು ಅಪರಿಚಿತವಾದ ಭಾವನೆಯೆನಿಸದು.

೮

ಪಗೋಡದ ಅನಂತರ ಬಂದ ರೂಪಾಯಿಯೂ ಇದೇ ನಿಯಮಕ್ಕೆ ಒಳಗಾಯಿತು. ೧೮೩೫ರ ಕಾಯಿದೆಯಿಂದ ಕಂಪೆನಿಯ ರಾಜ್ಯಕ್ಕೆಲ್ಲ ಒಂದೇ ರೂಪಾಯಿ ಆಯಿತು. ೧೯೫೭ರ ಏಪ್ರಿಲ್ ೧ರಂದು ಆಣೆ ಪೈಗಳನ್ನು ತೆಗೆದು ರೂಪಾಯಿಗೆ ನೂರು ನಯಾ ಪೈಸೆಗಳನ್ನು ಮಾಡಿದರು; ೧೯೬೪ರಲ್ಲಿ ‘ನಯಾ’ ಎಂಬ ವಿಶೇಷಣವೂ ಬಿದ್ದುಹೋಯಿತು. ಆದರೂ ೨೫ ಪೈಸೆಯ ನಾಣ್ಯವು ನಾಲ್ಕಾಣೆ ಅಥವಾ ಪಾವಲಿ ಎಂದೇ ಕರೆಸಿಕೊಂಡು, ೨೦೧೧ರಲ್ಲಿ ಚಲಾವಣೆಯಿಂದ ಹಿಂತೆಗೆಯಲ್ಪಡುವವರೆಗೂ ಆ ಹೆಸರನ್ನು ಹೊತ್ತಿತ್ತು. ಪೂರ್ಣವಾದ ಸತ್ಯವನ್ನು ‘ಹದಿನಾರಾಣೆ ಸತ್ಯ’ ಎನ್ನುವ ಮಾತು, ಆಣೆಯನ್ನು ಕಣ್ಣಿನಿಂದ ಕಾಣದವರ ಬಾಯಲ್ಲಿಯೂ ಇಂದು ಕೇಳಿಬರುತ್ತದೆ.

ಇಂದಿನ ಭಾರತದ ನೋಟಿನ ಹಿಂಬದಿಯ ಭಾಷಾಫಲಕವನ್ನು ನೋಡಿದರೆ ೧೮೦೭ರ ಅರ್ಧ ಪಗೋಡದ ನೆನಪಾಗದಿರದು. ಅಲ್ಲಿ ಕನ್ನಡಕ್ಕೆ ನಾಲ್ಕನೆಯ ಸಾಲು ದೊರೆತಿದೆ. ಕನ್ನಡ, ತಮಿಳು, ತೆಲುಗುಗಳಲ್ಲಿ ಅದು ರೂಪಾಯಿ. ಬಂಗಾಳಿ, ಅಸ್ಸಾಮಿ, ಒಡಿಯಾಗಳಲ್ಲಿ ಮಾತ್ರ ಅದು ‘ಟಂಕ’ದ ರೂಪಾಂತರಗಳು. ರಾಷ್ಟ್ರದ ನಾಣ್ಯ ಒಂದೇ ಆಗಿದ್ದರೂ ಅದರ ಹೆಸರು ಒಂದೇ ಆಗಬೇಕೆಂದು ಯಾರೂ ಹಟಹಿಡಿಯಲಿಲ್ಲ. ಆ ಟಂಕವೇ ಕನ್ನಡದ ಟಂಕಸಾಲೆಯಲ್ಲಿಯೂ ಇದೆ. ಚೆನ್ನೈನ ಜಾರ್ಜ್ ಟೌನಿನಲ್ಲಿ ಇಂಗ್ಲಿಷಿನವರು ಮಿಂಟ್ ಸ್ಟ್ರೀಟ್ ಎಂದ ಉದ್ದನೆಯ ಬೀದಿಗೆ ತಮಿಳಿನಲ್ಲಿ ತಂಗಸಾಲೈ ಎಂದು ಹೆಸರು. ಅಲ್ಲಿನ ಟಂಕಸಾಲೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮುಚ್ಚಿತು; ಬೀದಿಯ ಎರಡು ಹೆಸರುಗಳೂ ಉಳಿದಿವೆ.

ನಾಣ್ಯಗಳನ್ನು ನೋಡಬಯಸುವವರಿಗೆ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಸಂಗ್ರಹವನ್ನು ಆಧರಿಸಿ ಎಡ್ಗರ್ ಥರ್ಸ್ಟನ್ ೧೮೯೦ರಲ್ಲಿ ಕಂಪೆನಿಯ ನಾಣ್ಯಗಳ ಇತಿಹಾಸವನ್ನು ಬರೆದನು. ಅದಕ್ಕೂ ಮೊದಲು, ಧಾರವಾಡದ ಕಡೆಯ ಕನ್ನಡ ಶಾಸನಗಳನ್ನು ಸಂಗ್ರಹಿಸಿದ ವಾಲ್ಟರ್ ಎಲಿಯಟ್ಟನು ದಕ್ಷಿಣ ಭಾರತದ ನಾಣ್ಯಗಳ ಮೇಲೆ ತನ್ನ ಗ್ರಂಥವನ್ನು ಸಿದ್ಧಪಡಿಸಿದ್ದನು. ನಾಣ್ಯಗಳ ಹೆಸರುಗಳನ್ನು ಕೇಳಬಯಸುವವರು ವಸ್ತುಸಂಗ್ರಹಾಲಯಕ್ಕೂ ಹೋಗಬೇಕಾಗಿಲ್ಲ. ಬರಿಗೈಯವನು ‘ಚಿಕ್ಕಾಸೂ ಇಲ್ಲ’ ಎನ್ನುತ್ತಾನೆ. ಅಂಗಡಿಯವನು ‘ಕಾಸಿಗೆ ತಕ್ಕ ಕಜ್ಜಾಯ’ ಎನ್ನುತ್ತಾನೆ. ಚೆನ್ನೈನ ಕನ್ನಡಿಗನು ಮನೆಯಲ್ಲಿ ಹಣವೆಂದುದನ್ನು ಬೀದಿಯಲ್ಲಿ ಪಣಮೆನ್ನುತ್ತಾನೆ. ಒಂದು ಸಾವಿರ ವರ್ಷಗಳ ಹಿಂದೆ ಬೇರೆಯಾದ ಎರಡು ಉಚ್ಚಾರಗಳನ್ನು ದಿನಕ್ಕೆ ಹತ್ತು ಸಾರಿ ದಾಟುತ್ತಾನೆ.

ಮೈಸೂರಿನ ಚಿನ್ನದ ಹಣವೂ ಮದರಾಸಿನ ತಾಮ್ರದ ಕಾಸೂ ಚಲಾವಣೆಯಿಂದ ತಪ್ಪಿ ಒಂದೂವರೆ ಶತಮಾನಕ್ಕೆ ಮೇಲಾಯಿತು. ಸರ್ಕಾರದ ಬೊಕ್ಕಸವನ್ನು ನೋಡಿಕೊಳ್ಳುವ ಇಲಾಖೆಯನ್ನು ಕನ್ನಡಿಗರು ಮಾತಿನಲ್ಲಿ ಆ ಎರಡನ್ನೂ ಜೋಡಿಸಿ ಹಣಕಾಸು ಇಲಾಖೆ ಎನ್ನುತ್ತಾರೆ. ಕೋಟ್ಯಂತರ ರೂಪಾಯಿಗಳ ಲೆಕ್ಕ ಇಂದು ನಡೆಯುತ್ತಿರುವುದು ಆ ಹೆಸರಿನ ಕೆಳಗೆ.